ತಪ್ಪಿಸಿಕೊಂಡವನ ತೂಕ

ಓಡಿಹೋಗುವವನನ್ನು ಪೊಲೀಸ್ ಜೀಪು ಬೆನ್ನಟ್ಟಬೇಕೋ ಬಿಡಬೇಕೋ ಎಂಬುದನ್ನು ಆ ಜಿಲ್ಲೆಯಲ್ಲಿ ಮನುಷ್ಯರು ತೀರ್ಮಾನಿಸುವುದು ನಿಂತುಹೋಗಿತ್ತು. ಅದಕ್ಕೊಂದು ಯಂತ್ರ ಬಂದಿತ್ತು. ನಿಯಂತ್ರಣ ಕೊಠಡಿಯಲ್ಲಿ ಮೊದಲು ಹಳೆಯ ವೈರ್‌ಲೆಸ್ ಸೆಟ್ಟುಗಳಿದ್ದ ಗೋಡೆಯ ಮೇಲೆ ಈಗ ಬಾಗಿಲಗಲದ ಪರದೆ. ಸರ್ಕಾರದ ಕಾಗದಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಸಿಬ್ಬಂದಿ ಅದನ್ನು ತಕ್ಕಡಿ ಎನ್ನುತ್ತಿದ್ದರು.

ಯಾರಾದರೂ ಪೊಲೀಸರು ಕೈ ತೋರಿದರೂ ನಿಲ್ಲದೆ ಗಾಡಿ ಓಡಿಸಿದರೆ ಯಂತ್ರ ಎರಡು ತಟ್ಟೆಗಳನ್ನು ತೂಗುತ್ತಿತ್ತು. ಒಂದರಲ್ಲಿ, ಬೆನ್ನಟ್ಟಿದರೆ ಆಗಬಹುದಾದ ಹಾನಿ: ರಸ್ತೆಯ ಅಗಲ, ತಿರುವುಗಳು, ಗಾಡಿಗಳ ವೇಗ, ಎದುರಿಗಿರುವ ಜನ. ಜನರನ್ನು ಅದು ಕ್ಯಾಮೆರಾಗಳಿಂದ ಎಣಿಸುತ್ತಿತ್ತು, ಕ್ಯಾಮೆರಾ ಇಲ್ಲದ ಕಡೆ ಅವರ ಮೊಬೈಲುಗಳಿಂದ. ಇನ್ನೊಂದು ತಟ್ಟೆಯಲ್ಲಿ, ಅವನು ತಪ್ಪಿಸಿಕೊಂಡರೆ ಆಗಬಹುದಾದ ಹಾನಿ. ಮೊದಲನೆಯದು ಭಾರವಾದರೆ ಜೀಪಿನ ಸ್ಟೇರಿಂಗಿನ ಮುಂದಿದ್ದ ದೀಪದ ಪಟ್ಟಿ ಕೆಂಪಾಗುತ್ತಿತ್ತು. ಬಿಡಬೇಕು. ಎರಡನೆಯದು ಭಾರವಾದರೆ ಹಸಿರು. ಅಟ್ಟಬೇಕು. ಕೆಂಪು ಬಿದ್ದ ಮೇಲೂ ಅಟ್ಟಿದ ಚಾಲಕ ಅಮಾನತಾಗುತ್ತಿದ್ದ. ಹಸಿರು ಇದ್ದೂ ನಿಲ್ಲಿಸಿದವನು ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ಮೊದಮೊದಲು ಒಬ್ಬಿಬ್ಬರು ನಿಲ್ಲಿಸಿ ಉತ್ತರ ಹೇಳಿದರು. ಅವರು ಉತ್ತರ ಹೇಳುತ್ತ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಕಂಡ ಮೇಲೆ ಉಳಿದವರು ಬುದ್ಧಿ ಕಲಿತರು.

ಯಂತ್ರ ಸುಮ್ಮನೆ ಬಂದದ್ದಲ್ಲ. ಒಮ್ಮೆ ಸರಗಳ್ಳನ ಹಿಂದೆ ಬಿದ್ದ ಜೀಪು ಪಟ್ಟಣದ ಬಸ್ ನಿಲ್ದಾಣದ ಮುಂದೆ ಕಾಲೇಜಿನ ಹುಡುಗಿಯರ ಗುಂಪಿಗೆ ನುಗ್ಗಿ ಜೀವ ತೆಗೆದಿತ್ತು. ಪಟ್ಟಣವೇ ಬೀದಿಗಿಳಿದಿತ್ತು. ತಕ್ಕಡಿ ಬಂದ ಮೇಲೆ ಪಟ್ಟಣದ ರಸ್ತೆಯಲ್ಲಿ ಅಂಥ ಒಂದು ಸಾವೂ ಆಗಲಿಲ್ಲ. ಇದು ನಿಜ. ನಿಜವಾದ್ದರಿಂದಲೇ ಅದರ ವಿರುದ್ಧ ಬಾಯಿ ತೆರೆಯುವುದು ಕಷ್ಟವಾಗಿತ್ತು.

ನೀಲಗಂಗಾ ಆ ಪರದೆಯ ಮುಂದೆ ಕೂರುವ ಕಾನ್‌ಸ್ಟೆಬಲ್. ಅವಳ ಗಂಡನ ಊರು ಕರೇಹಾಳ. ಪಟ್ಟಣದ ಬೈಪಾಸಿನಿಂದ ಕವಲೊಡೆದ ಡಾಂಬರು ರಸ್ತೆ ಕರೇಹಾಳವನ್ನು ಹಾದು ಹೊಸಳ್ಳಿಗೆ ಹೋಗುತ್ತದೆ. ಊರಲ್ಲಿ ಎತ್ತುಗಳು ಕಡಿಮೆಯಾಗಿ, ಕಣಗಳಿದ್ದ ಜಾಗದಲ್ಲಿ ಮನೆಗಳೆದ್ದ ಮೇಲೆ, ಒಕ್ಕಣೆ ಈ ರಸ್ತೆಗೆ ಬಂದಿತ್ತು. ಊರ ಹೊರಗಿನ ನೇರ ರಸ್ತೆಯಲ್ಲಿ ಹುರಳಿಯ ಬಳ್ಳಿಯನ್ನು ದಪ್ಪಗೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಅದರ ಮೇಲೆ ಹರಿದು ಹೋಗುತ್ತವೆ. ಗಾಡಿ ಹೋದೊಡನೆ ಹೆಂಗಸರು ಇಳಿದು ಬಳ್ಳಿ ಮಗುಚುತ್ತಾರೆ, ಉದುರಿದ ಕಾಳನ್ನು ಅಂಚಿಗೆ ಬಳಿಯುತ್ತಾರೆ, ಮತ್ತೊಂದು ಗಾಡಿಯ ಸದ್ದು ಕೇಳಿದರೆ ಬದಿಗೆ ಸರಿಯುತ್ತಾರೆ. ಬಸ್ಸಿನವರಿಗೆ ಇದು ಅಭ್ಯಾಸ. ದೂರದಿಂದಲೇ ಗೇರು ಇಳಿಸಿ, ಮದುವೆಯ ಜಮಖಾನದ ಮೇಲೆ ನಡೆಯುವಂತೆ ಮೆಲ್ಲಗೆ ದಾಟುತ್ತಾರೆ. ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ಪಂಚಾಯಿತಿ ಸದಸ್ಯರ ಹುರಳಿಯೂ ಅಲ್ಲೇ ಬೀಳುತ್ತದೆ.

ಹುರಳಿಯ ಧೂಳು ಹೊಕ್ಕ ಮೊಬೈಲು ಆಮೇಲೆ ಮೊಬೈಲಾಗಿ ಉಳಿಯುವುದಿಲ್ಲ. ಹಾಗಾಗಿ ಒಕ್ಕಣೆಗೆ ಬರುವ ಹೆಂಗಸರು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಆ ರಸ್ತೆಗೆ ಕ್ಯಾಮೆರಾ ಇರಲಿಲ್ಲ.

ಅಂದು ನೀಲಗಂಗಾಳಿಗೆ ವಾರದ ರಜೆ. ಅತ್ತೆ ಫಕ್ಕೀರವ್ವ, ಒಕ್ಕಣೆಗೆಂದು ತವರಿಗೆ ಬಂದಿದ್ದ ನಾದಿನಿ ಶಂಕ್ರವ್ವ, ಅವಳು, ಮೂವರೂ ಬಳ್ಳಿ ಮಗುಚುತ್ತಿದ್ದರು. ಬೈಪಾಸಿನ ಕಡೆಯಿಂದ ಸೈರನ್ ಕೇಳಿತು. ಬದಿಗೆ ಹಾರಿ ನಿಲ್ಲುವುದರೊಳಗೆ ಕಾರೊಂದು, ಅದರ ಹಿಂದೆ ಜೀಪೊಂದು ಹುರಳಿಯನ್ನು ಸೀಳಿಕೊಂಡು ಹೋದವು. ಬಳ್ಳಿ ಆಳೆತ್ತರ ಹಾರಿ ಮೂವರ ತಲೆಯ ಮೇಲೂ ಬಿತ್ತು.

"ಹಾಳಾಗಿ ಹೋಗ್ಲಿ ಇವ್ರ ಜೀಪ! ಮೊನ್ನೆ ಒಂದು, ಇವತ್ತೊಂದು. ನಮ್ಮ ರಸ್ತಾ ಬಿಟ್ರ ಬ್ಯಾರೆ ಸಿಗವಲ್ದೇನು ಇವ್ರಿಗೆ?" ಎಂದು ಫಕ್ಕೀರವ್ವ ಮಣ್ಣು ತೂರಿದಳು.

ಶಂಕ್ರವ್ವ ಸೆರಗಿನಿಂದ ಹೊಟ್ಟು ಕೊಡವುತ್ತ ನಕ್ಕಳು. "ಬೈಬ್ಯಾಡಬೇ. ಸರಕಾರದವ್ರು ಪುಕ್ಕಟೆ ಒಕ್ಕಿ ಕೊಡಾಕತ್ತಾರ. ನಿನ್ನ ಸೊಸಿ ಪೊಲೀಸ್ ಆಗಿದ್ದಕ್ಕ ನಮಗಿಷ್ಟರ ಲಾಭ ಬ್ಯಾಡೇನು?"

"ಒಕ್ಕೂದ್ ಎಲ್ಲಿಂದು? ಕಾಳೆಲ್ಲ ಗಟಾರಕ್ಕ ಹೋತು. ನೀಲಾ, ನಿಮ್ಮ ಸಾಹೇಬ್ರಿಗೆ ಹೇಳು, ಆರಿಸಿ ಕೊಡಾಕ ಬಾ ಅನ್ನು."

"ಹೇಳ್ತೀನಿ ಅತ್ತಿ," ಎಂದಳು ನೀಲಗಂಗಾ. ಅವಳಿಗೆ ನಗು ಬರಲಿಲ್ಲ. ಕಾರು ಹೋದ ವೇಗವನ್ನು ಅವಳು ಇದುವರೆಗೆ ಅಂಕಿಯಾಗಿ ಮಾತ್ರ ನೋಡಿದ್ದಳು. ಕೆನ್ನೆಗೆ ತಾಗಿದ ಗಾಳಿ ಬೇರೆಯೇ ಇತ್ತು.

ಮರುದಿನ ಅವಳು ಪರದೆಯನ್ನು ಬೇರೆ ಕಣ್ಣಿನಿಂದ ನೋಡಿದಳು. ಪಟ್ಟಣದಲ್ಲಿ ಯಾರೋ ಒಬ್ಬ ನಿಲ್ಲದೆ ಓಡಿದ. ಪಟ್ಟಿ ಕೆಂಪಾಯಿತು, ಜೀಪು ಹಿಂದೆ ಸರಿಯಿತು. ಆದರೆ ಯಂತ್ರ ಸುಮ್ಮನಾಗಲಿಲ್ಲ. ಓಡುವವನ ಮುಂದಿನ ಚೌಕದ ಸಿಗ್ನಲ್ಲು ಕೆಂಪಾಯಿತು, ಗಾಡಿಗಳು ಕಟ್ಟಿಕೊಂಡವು, ಅವನು ಪಕ್ಕಕ್ಕೆ ಹೊರಳಿದ. ಅಲ್ಲಿಯೂ ಕೆಂಪು. ಕುರಿಯನ್ನು ದೊಡ್ಡಿಗೆ ಹೊಡೆಯುವಂತೆ ದಾರಿಗಳು ಒಂದೊಂದಾಗಿ ಮುಚ್ಚಿ, ತೆರೆದುಳಿದದ್ದು ಬೈಪಾಸು, ಅಲ್ಲಿಂದ ಕರೇಹಾಳದ ರಸ್ತೆ. ಅವನು ಆ ರಸ್ತೆಗೆ ಬಿದ್ದ ಕೂಡಲೇ ಪಟ್ಟಿ ಹಸಿರಾಯಿತು.

ಯಂತ್ರವನ್ನು ನೋಡಿಕೊಳ್ಳುವ ಎಂಜಿನಿಯರ್ ಶ್ರೀವತ್ಸ ಪಕ್ಕದ ಮೇಜಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದ. ಮೈಸೂರಿನ ಕಡೆಯವನು, ಎಲ್ಲರಿಗೂ ಒಂದು ತುತ್ತು ಕೊಡದೆ ತಿನ್ನದವನು.

"ಸರ್, ಎಲ್ಲಾನೂ ನಮ್ಮೂರ ರಸ್ತಾಕ್ಕ ತಿರಗಾಕತ್ತಾವಲ್ರಿ," ಎಂದಳು.

"ತಿರುಗಲೇಬೇಕಲ್ಲ ಮೇಡಂ. ಟೌನ್ ಒಳಗೆ ತೂಕ ಜಾಸ್ತಿ. ಓಡೋನನ್ನ ಜನ ಇಲ್ಲದ ಕಡೆ ತಂದು ಹಿಡೀಬೇಕು ಅನ್ನೋದನ್ನ ಯಂತ್ರ ತಾನೇ ಕಲಿತುಕೊಂಡಿದೆ. ನಾವು ಹೇಳ್ಕೊಟ್ಟಿದ್ದಲ್ಲ." ಅವನ ದನಿಯಲ್ಲಿ ಮಗುವಿನ ಮೊದಲ ಹೆಜ್ಜೆಯನ್ನು ಹೇಳುವ ತಂದೆಯ ಹಿಗ್ಗಿತ್ತು. "ನಿಮ್ಮ ರಸ್ತೆ ಖಾಲಿ."

"ಖಾಲಿ ಅಲ್ರಿ. ಒಕ್ಕಣಿ ನಡದೈತಿ. ನಿನ್ನೆ ನಾನ ಅಲ್ಲಿದ್ದೆ."

"ರಸ್ತೆ ಮೇಲೆ ಒಕ್ಕಣೆನಾ?" ಅವನು ನಿಜಕ್ಕೂ ಬೆರಗಾದ. "ಅದು ನಮ್ಮ ಲೆಕ್ಕಕ್ಕೆ ಬರೋದೇ ಇಲ್ಲ ಮೇಡಂ. ರಸ್ತೆ ಮೇಲೆ ಹಾಕಬಾರದು ತಾನೇ? ನೀವೇ ಪೊಲೀಸು. ಮನೇಲಿ ನೀವೇ ಹೇಳಿ."

ಅವಳು ಮನೆಯಲ್ಲಿ ಹೇಳಿದಳು.

"ಅತ್ತಿ, ಈ ವರ್ಷ ಹುಳ್ಳಿ ರಸ್ತಾದ ಮ್ಯಾಲೆ ಬ್ಯಾಡ."

"ಮತ್ತೆಲ್ಲಿ ಹಾಕ್ಲಿ? ನಿನ್ನ ಟೊಪಿಗಿ ಮ್ಯಾಲೆ?"

"ಜೀಪ್ ಬರ್ತಾವು."

"ಬಸ್ಸೂ ಬರ್ತಾವು. ಬಸ್ಸಿನವಗ ಕಣ್ಣದಾವು. ನಿಮ್ಮ ಜೀಪಿನವಗ ಇಲ್ಲೇನು?"

"ಅವ್ರು ಕಣ್ಣಿಲೆ ನೋಡಿ ಓಡ್ಸೂದಿಲ್ಲ ಅತ್ತಿ. ಮಷೀನ್ ಹೇಳತೈತಿ."

ಫಕ್ಕೀರವ್ವ ಸೊಸೆಯ ಮುಖವನ್ನು ದಿಟ್ಟಿಸಿದಳು. "ಹಂಗಾರ ಮಷೀನಿಗೆ ಹೇಳು, ನಾವಿಲ್ಲಿ ಅದೀವಿ ಅಂತ."

ಮಷೀನಿಗೆ ಹೇಳಲು ನೀಲಗಂಗಾಳಿಗೆ ದಾರಿ ಇರಲಿಲ್ಲ. ಮೇಲಿನವರಿಗೆ ಹೇಳಿದಳು. ರಸ್ತೆಯ ಮೇಲೆ ಬೆಳೆ ಹಾಸುವವರ ಮೇಲೆ ಕೇಸು ಹಾಕುವುದಾಗಿ ಅವರು ಹೇಳಿದರು. ಅದನ್ನೂ ಹಾಕಲಿಲ್ಲ.

ಒಂದು ಮಧ್ಯಾಹ್ನ, ಬೈಪಾಸಿನ ತಪಾಸಣೆಯ ಹತ್ತಿರ ಸಣ್ಣ ಗೂಡ್ಸ್ ಗಾಡಿಯೊಂದು ನಿಲ್ಲದೆ ಓಡಿತು. ಕಂಬದ ಕ್ಯಾಮೆರಾ ಅದರ ನಂಬರನ್ನು ಹಿಡಿಯಿತು. ನೀಲಗಂಗಾಳ ಪರದೆಯ ಮೂಲೆಯಲ್ಲಿ ಗಾಡಿಯ ಮಾಲೀಕನ ಹೆಸರು, ಊರು, ಓಣಿ ಎಲ್ಲವೂ ಬಂದವು: ದ್ಯಾಮಪ್ಪ, ಹೊಸಳ್ಳಿ. ಗಾಡಿ ಹೊಸಳ್ಳಿಯ ಕಡೆಗೇ ಹೋಗುತ್ತಿತ್ತು. ಯಂತ್ರ ರಸ್ತೆಯನ್ನು ನೋಡಿತು. ಜನ ಇಲ್ಲ. ಹಸಿರು.

ಹಿಂದೆ ಬಿದ್ದ ಜೀಪಿನ ಚಾಲಕ ಮಾಬುಸಾಬ. ನೀಲಗಂಗಾ ಮೈಕು ಎಳೆದುಕೊಂಡಳು.

"ಮಾಬಣ್ಣ, ನಿಧಾನ. ಕರೇಹಾಳದ ಹತ್ರ ಹುಳ್ಳಿ ಹಾಕ್ಯಾರ. ಮಂದಿ ಅದಾರ."

"ಹಸಿರು ಐತ್ರಿ ಅಕ್ಕಾರ."

"ಇರ್ಲಿ, ನಿಲ್ಸು!"

"ಉತ್ತರ ಯಾರು ಕೊಡ್ತಾರ? ನೀವ್ ಕೊಡ್ತೀರೇನು?"

"ಕೊಡ್ತೀನಿ, ನಿಲ್ಸೋ ಮಾರಾಯ!"

ಅವನು ಬ್ರೇಕು ಒತ್ತಿದ. ಆಮೇಲೆ ಅವನೇ ಹೇಳಿದ್ದು ಇದು. ಒತ್ತಿದ್ದು ಹುರಳಿಯ ಮೇಲೆ. ಒಣಗಿದ ಬಳ್ಳಿ, ಅದರಡಿ ಉರುಟು ಕಾಳು, ಅದರಡಿ ನುಣುಪು ಡಾಂಬರು. ಗೂಡ್ಸ್ ಗಾಡಿ ದಾಟಿತೆಂದು ಬಳ್ಳಿ ಮಗುಚಲು ಆಗಷ್ಟೇ ಇಳಿದಿದ್ದ ಶಂಕ್ರವ್ವನ ಕಡೆಗೆ ಜೀಪು ಅಡ್ಡಡ್ಡ ಜಾರಿತು.

ಪರದೆಯ ಮೇಲೆ ಜೀಪಿನ ಗುರುತು ನಿಂತಿತು. ರಸ್ತೆ ಆಗಲೂ ಖಾಲಿಯಾಗಿಯೇ ಇತ್ತು. ಶಂಕ್ರವ್ವ ಬದುಕಿದ್ದಾಗಲೂ ಅದರ ಮೇಲೆ ಇರಲಿಲ್ಲ, ಸತ್ತ ಮೇಲೂ ಇರಲಿಲ್ಲ.

ಗೂಡ್ಸ್ ಗಾಡಿ ಓಡಿಸುತ್ತಿದ್ದವನು ದ್ಯಾಮಪ್ಪನ ಮಗ ಬರಮಪ್ಪ. ಸಂಜೆ ಪೊಲೀಸರು ಹೋದಾಗ ಗಾಡಿ ಅವರ ಮನೆಯ ಮುಂದೆಯೇ ನಿಂತಿತ್ತು, ಅವನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಗಾಡಿಯಲ್ಲಿ ಇದ್ದದ್ದು ಬದನೆಕಾಯಿ. ಅವನು ಓಡಿದ್ದು ಲೈಸೆನ್ಸ್ ಇರಲಿಲ್ಲ ಎಂದು.

ಇಲಾಖೆಯ ತನಿಖೆ ಬೇಗ ಮುಗಿಯಿತು. ಯಂತ್ರದ ತೀರ್ಮಾನ ಸರಿ, ಚಾಲಕ ಏಕಾಏಕಿ ಬ್ರೇಕು ಒತ್ತಿದ್ದು ತಪ್ಪು, ರಸ್ತೆಯ ಮೇಲೆ ಬೆಳೆ ಹಾಸಿದ್ದು ಮೂಲ ಕಾರಣ. ಮಾಬುಸಾಬ ಅಮಾನತಾದ. ಮೈಕಿನಲ್ಲಿ ನಿಲ್ಲಿಸು ಎಂದವಳನ್ನು ಯಾರೂ ಏನೂ ಕೇಳಲಿಲ್ಲ. ಸತ್ತವಳೇ ತನ್ನ ಸಾವಿನ ಮೊದಲ ಆರೋಪಿಯಾದಳು.

ಊರು ರಸ್ತೆಗೆ ಕಲ್ಲು ಅಡ್ಡ ಹಾಕಿತು. ಬಸ್ಸು ನಿಂತಿತು. ಆಗ ಜಿಲ್ಲೆಯ ಪೊಲೀಸ್ ಸಾಹೇಬರು ಬಂದರು. ಪಂಚಾಯಿತಿ ಕಟ್ಟೆಯ ಮುಂದೆ ಶಾಮಿಯಾನ ಹಾಕಿದರು. ಸಾಹೇಬರ ಪಕ್ಕದಲ್ಲಿ ಶ್ರೀವತ್ಸ, ಅವನ ಮುಂದೆ ಲ್ಯಾಪ್‌ಟಾಪು, ಕಿತ್ತಳೆ ಬಣ್ಣದ ಬಿಲ್ಲೆಗಳ ಒಂದು ಡಬ್ಬಿ. ನೀಲಗಂಗಾಳನ್ನು ಸಮವಸ್ತ್ರದಲ್ಲಿ ಹಿಂದೆ ನಿಲ್ಲಿಸಿದ್ದರು. ಊರಿನ ಸೊಸೆ ಪೊಲೀಸರ ಕಡೆ ನಿಂತಿರುವುದನ್ನು ಊರು ನೋಡಲಿ ಎಂದು.

"ಇನ್ನು ಮುಂದೆ ರಸ್ತೆ ಮೇಲೆ ಕೆಲಸ ಮಾಡುವವರು ಈ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳಬೇಕು," ಎಂದರು ಸಾಹೇಬರು. "ಇದು ಕೊರಳಲ್ಲಿದ್ದರೆ ಯಂತ್ರಕ್ಕೆ ನೀವು ಕಾಣುತ್ತೀರಿ. ಇಲ್ಲದಿದ್ದರೆ ಇಲಾಖೆ ಜವಾಬ್ದಾರಿಯಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ಫಕ್ಕೀರವ್ವ ಒಂದು ಬಿಲ್ಲೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಇದನ್ನ ದನಕ್ಕ ಕಿವಿಯಾಗ ಹೊಡಿತಾರ ನೋಡ್ರಿ," ಎಂದಳು. "ನಮಗ ಕೊಳ್ಳಾಗ. ಪರವಾಗಿಲ್ಲ, ಮರ್ಯಾದಿ ಕೊಟ್ಟೀರಿ."

ಯಾರೋ ನಕ್ಕರು. ಅವಳು ತಿರುಗಿ ನೋಡಿದಳು. ನಗು ನಿಂತಿತು.

"ತಮ್ಮಾ," ಎಂದಳು ಶ್ರೀವತ್ಸನಿಗೆ, "ನಿನ್ನ ಮಷೀನ್ ಎರಡೂ ಕಡಿ ತೂಗತೈತಂತಲ್ಲ. ನಮ್ಮ ಕಡೀದು ಇರ್ಲಿ, ಬಿಡು. ನಾವು ಬಿಲ್ಲಿ ಕಟ್ಕೋತೀವಿ, ಬೇಕಾದ್ರ ಗಂಟಿ ಕಟ್ಕೋತೀವಿ. ಆ ಹುಡುಗಂದು ಹೇಳು. ಅವ ತಪ್ಪಿಸ್ಕೊಂಡ್ರ ಏನಾಗ್ತಿತ್ತು? ಅದರಾಗ ಏನಿಟ್ಟಿತ್ತು ನಿನ್ನ ಮಷೀನು?"

ಶ್ರೀವತ್ಸ ಸಾಹೇಬರ ಮುಖ ನೋಡಿದ. ಅವರು ಹೇಳು ಎಂಬಂತೆ ಕೈಯಾಡಿಸಿದರು.

"ನಿಲ್ಲದೆ ಓಡಿದೋನು ಏನು ಬೇಕಾದರೂ ಮಾಡಿರಬಹುದು ಅಜ್ಜಿ. ಕೊಲೆ ಮಾಡಿರಬಹುದು. ಕೈ ತಪ್ಪಿದರೆ ಮತ್ತೆ ಸಿಗದೇ ಇರಬಹುದು. ಅದಕ್ಕೆ ಅಷ್ಟು ತೂಕ."

"ಸಿಗದ?" ಫಕ್ಕೀರವ್ವ ಆ ಮಾತನ್ನು ಬಾಯಲ್ಲಿಟ್ಟು ನೋಡಿದಳು. "ಹೊಸಳ್ಳಿ ದ್ಯಾಮಪ್ಪನ ಮಗ ಸಿಗದ ಎಲ್ಲಿಗೆ ಹೋಗ್ತಾನ? ಅವನವ್ವ ನನ್ನ ಕೂಡ ಕಳೆ ತಗದಾಕಿ. ಮುಂಜಾನೆದ್ದು ಹೋಗಿ, 'ಏನವ್ವಾ, ನಿನ್ನ ಮಗ ಎಲ್ಲಿ' ಅಂದಿದ್ರ, ಕಿವಿ ಹಿಡಕೊಂಡು ಎಳಕೊಂಡು ಬಂದು ನಿಲ್ಲಿಸ್ತಿದ್ಲು."

"ಅದು ನಿಮಗೆ ಗೊತ್ತು. ಯಂತ್ರಕ್ಕೆ ಅವನು ಯಾರು ಅಂತ..."

"ಗೊತ್ತಿತ್ತು."

ಹಿಂದಿನಿಂದ ಮಾತಾಡಿದ್ದು ನೀಲಗಂಗಾ. ಸಾಹೇಬರು ತಿರುಗಿದರು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಹೆಸರು ಬಂದಿತ್ರಿ ಸರ್. ದ್ಯಾಮಪ್ಪ, ಹೊಸಳ್ಳಿ, ಓಣಿ ಸೈತ ಬಂದಿತ್ತು. ಹಸಿರಾಗೂಕಿಂತ ಮೊದ್ಲ ಬಂದಿತ್ತು. ನಾನ ನೋಡೀನಿ."

"ನಿನ್ನನ್ನು ಯಾರು ಕೇಳಿದರು?" ಎಂದರು ಸಾಹೇಬರು.

"ಯಾರೂ ಕೇಳಿಲ್ರಿ. ಅದಕ್ಕ ಹೇಳಾಕತ್ತೀನಿ."

"ನನಗೂ ಗೊತ್ತಿತ್ರಿ." ಶಾಮಿಯಾನದ ಹೊರಗಿನ ಬಿಸಿಲಲ್ಲಿ ಮಾಬುಸಾಬ ನಿಂತಿದ್ದ. ಅವನು ಬಂದದ್ದನ್ನು ಯಾರೂ ಗಮನಿಸಿರಲಿಲ್ಲ. ಗಮನಿಸಿದ್ದರೆ ಬಿಡುತ್ತಿರಲಿಲ್ಲ. "ಅವ ನಮ್ಮ ಮಾವನ ಓಣಿ ಹುಡುಗ. ಗಾಡಿ ನೋಡಿದ ಕೂಡ್ಲೆ ಗುರುತು ಹತ್ತಿತ್ತು. ಹಸಿರಿತ್ತು, ಬಿಡಂಗಿರಲಿಲ್ಲ."

ಊರು ಒಮ್ಮೆಲೇ ಎದ್ದಿತು. ಫಕ್ಕೀರವ್ವ ಕೈ ಎತ್ತಿದಳು. "ಕುಂದರ್ರಿ. ಮಾಬ್ಯಾ, ನಿನ್ನ ಕೂಡ ನಂದು ಲೆಕ್ಕ ಬ್ಯಾರೆ ಐತಿ. ಅದು ಮುಗಿಯೂದಲ್ಲ. ಈಗ ಬಾಯಿ ಮುಚ್ಚು." ಮತ್ತೆ ಶ್ರೀವತ್ಸನ ಕಡೆ ತಿರುಗಿದಳು. "ಮಷೀನಿಗೆ ಗೊತ್ತಿತ್ತು, ಓಡ್ಸಾಂವಗ ಗೊತ್ತಿತ್ತು, ಪರದೆ ಮುಂದ ಕುಂತಾಕಿಗೆ ಗೊತ್ತಿತ್ತು. ಮತ್ಯಾಕ ತೂಕ ಇಳೀಲಿಲ್ಲ ತಮ್ಮಾ?"

ಶ್ರೀವತ್ಸ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಮುಚ್ಚಿದ. ಅವನು ಸುಳ್ಳು ಹೇಳಬಲ್ಲವನಾಗಿರಲಿಲ್ಲ. ಅದೇ ಅವನ ಕಷ್ಟವಾಯಿತು.

"ಹೆಸರು ಬರೋದು ಬೇರೆ ಕಡೆ, ತೂಗೋದು ಬೇರೆ ಕಡೆ ಅಜ್ಜಿ. ಓಡಿದೋನು ಯಾರು ಅಂತ ಗೊತ್ತಿದ್ದು, ಅವನ ಮೇಲೆ ಬೇರೆ ಆರೋಪ ಇಲ್ಲದಿದ್ದರೆ, ಆ ತಟ್ಟೆ ಖಾಲಿ ಮಾಡು ಅಂತ ಯಂತ್ರಕ್ಕೆ ಹೇಳಬೇಕಿತ್ತು. ಹೇಳಿರಲಿಲ್ಲ."

"ಹೇಳಾಕ ಆಗ್ತೈತೇನು?"

"ಆಗುತ್ತೆ."

"ಬಾಳ ಕೆಲಸೇನು?"

"ಇಲ್ಲ," ಎಂದ ಶ್ರೀವತ್ಸ. "ಒಂದು ಸಾಲು."

ಫಕ್ಕೀರವ್ವ ಕೈಯಲ್ಲಿದ್ದ ಬಿಲ್ಲೆಯನ್ನು ಡಬ್ಬಿಗೆ ವಾಪಸು ಹಾಕಿದಳು.

"ಮತ್ಯಾಕ ಬರೀಲಿಲ್ಲ?"

"ಯಾರೂ ಕೇಳಿರಲಿಲ್ಲ."

ಸಾಹೇಬರು ಎದ್ದರು. ಇದು ಇಲ್ಲಿ ಚರ್ಚಿಸುವ ವಿಷಯವಲ್ಲ, ರಾಜಧಾನಿಯ ಅನುಮತಿ ಬೇಕು, ಸಮಿತಿ ಕೂರಬೇಕು, ಮುಂದಿನ ವರ್ಷದ ಪರಿಶೀಲನೆಯಲ್ಲಿ ಇದನ್ನು ಸೇರಿಸಬಹುದು ಎಂದರು. ಫಕ್ಕೀರವ್ವ ಎದ್ದು ನಡೆದು ಹೋಗಿ ಅವರ ಕಾರಿನ ಮುಂದೆ ನೆಲದ ಮೇಲೆ ಕೂತಳು. ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಕೂತರು. ಕೊರಳಲ್ಲಿ ಯಾರಿಗೂ ಬಿಲ್ಲೆ ಇರಲಿಲ್ಲ.

"ಗಾಡಿ ಹಾಯಿಸ್ರಿ," ಎಂದಳು ಅಲ್ಲಿಂದಲೇ. "ಮಷೀನಿಗೆ ಕೇಳ್ರಿ, ಇಲ್ಲಿ ಯಾರರ ಅದಾರೇನು ಅಂತ. ಯಾರೂ ಇಲ್ಲ ಅಂತೈತಿ. ಹಾಯಿಸ್ರಿ!"

ಸಾಹೇಬರು ಫೋನು ಕಿವಿಗಿಟ್ಟುಕೊಂಡು ದೂರ ಹೋದರು. ಯಾರಿಗೋ ಏನೋ ಹೇಳಿದರು, ಕೇಳಿದರು, ಮತ್ತೆ ಹೇಳಿದರು. ರಾಜಧಾನಿಯ ದೊಡ್ಡವರಿಗೂ ಬಸ್ಸು ನಿಂತ ಸುದ್ದಿ ತಲುಪಿತ್ತು. ತಿರುಗಿ ಬಂದವರು ಶ್ರೀವತ್ಸನ ಮುಖ ನೋಡದೆ, "ಬರೆಯಿರಿ," ಎಂದರು.

ಶ್ರೀವತ್ಸ ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡ. ಅತಿಥಿಗಳಿಗೆಂದು ಮಾಡಿದ್ದ ಚಹಾವನ್ನು ಯಾರೋ ಅಭ್ಯಾಸಬಲದಿಂದ ತಂದು ಅವನ ಮುಂದಿಟ್ಟು ಹೋದರು. ಫಕ್ಕೀರವ್ವ ಕಾರಿನ ಮುಂದಿನಿಂದ ಎದ್ದು ಬಂದು ಅವನೆದುರು ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಬೆರಳುಗಳು ಓಡಿದವು, ತಡೆದವು, ಒಮ್ಮೆ ಹಿಂದೆ ಬಂದು ಏನನ್ನೋ ಅಳಿಸಿದವು, ಮತ್ತೆ ಓಡಿದವು, ನಿಂತವು. ಅವನು ಕೊನೆಯದಾಗಿ ಒಂದು ಗುಂಡಿ ಒತ್ತಿ ಕಾದ.

"ಆತೇನು?"

"ಆಯ್ತು ಅಜ್ಜಿ."

"ಇನ್ನ ಅಂಥಾವ್ರಿಗೆ ಹಸಿರು ಬೀಳೂದಿಲ್ಲ?"

"ಬೀಳಲ್ಲ."

"ಎಲ್ಲಾ ಊರಿಗೂ?"

"ಜಿಲ್ಲೆಗೆಲ್ಲ."

ಅವಳು ಅಲ್ಲೇ ನಿಂತಿದ್ದಳು. ಊರವರು ಅವಳು ಅಳುತ್ತಾಳೆಂದು ಕಾದರು. ನೀಲಗಂಗಾ ಹತ್ತಿರ ಬಂದು ತೋಳು ಹಿಡಿದಳು. ಫಕ್ಕೀರವ್ವ ಅದನ್ನು ಕೊಡವಿ, ಬಗ್ಗಿ, ಶ್ರೀವತ್ಸನ ಮುಂದಿದ್ದ ಚಹಾದ ಲೋಟವನ್ನು ಅಂಗೈಯಿಂದ ಸುತ್ತುವರಿದು ಹಿಡಿದಳು. ಕೂಡಲೇ ಕೈ ಬಿಟ್ಟಳು. ಇನ್ನೂ ಸುಡುತ್ತಿತ್ತು.

"ಕುಡಿ," ಎಂದಳು. "ಚಹಾ ಆರೂದ್ರೊಳಗ ಆ ಸಾಲು ಮುಗಿಸಿದಿಯಲ್ಲ. ಕುಡಿ."